ಚಿರೆಕಲ್ಲು ಕಣಿಯ ಹಸಿರನ್ನು ಅಳೆದ ಬಗೆ

ಕುಮಟಾ ತಾಲೂಕಿನ ಗುಡ್ಡವೊಂದರಲ್ಲಿ ಚಿರೆಕಲ್ಲು (ಜಂಬಿಟ್ಟಿಗೆ) ತೆಗೆದು ಬಿಟ್ಟ ಕಣಿಯಲ್ಲಿ ಅಕೇಶಿಯಾ ನೆಟ್ಟು ಹಲವು ಮಳೆಗಾಲ ಕಳೆದಿದ್ದವು. ಆ ನೆಲ ಎಷ್ಟರಮಟ್ಟಿಗೆ ಚೇತರಿಸಿಕೊಂಡಿದೆ ಎಂದು ಸಸ್ಯ ಸಮೀಕ್ಷೆಯಿಂದ ತಿಳಿದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನೆಟ್ಟ ಸಸಿಗಳಲ್ಲಿ ನೂರಕ್ಕೆ ಎಷ್ಟು ಉಳಿದಿವೆ ಎಂಬ ಲೆಕ್ಕ ಇದಕ್ಕೆ ಸಾಲದು. ಯಾರೂ ನೆಡದೆ ತಾನಾಗಿ ಹುಟ್ಟಿದ್ದೇನು ಎಂಬುದನ್ನೇ ಮುಖ್ಯವಾಗಿ ಅಳೆಯಬೇಕೆಂದು ಮೊದಲೇ ನಿರ್ಧರಿಸಿದೆ.

ಕಣಿಯನ್ನು ಒಂದೇ ನೆಲವೆಂದು ಎಣಿಸುವಂತಿರಲಿಲ್ಲ. ತಳದಲ್ಲಿ ಮಳೆಗಾಲದ ನೀರು ನಿಂತು, ಬೇಸಿಗೆಯಲ್ಲಿ ಅದೇ ಕಲ್ಲು ಕಾದು ಸುಡುತ್ತದೆ. ಕಲ್ಲುಪುಡಿ ಸುರಿದ ದಿಬ್ಬದಲ್ಲಿ ಬೇರಿಗೆ ಜಾಗವಿದ್ದರೂ ಮಣ್ಣು ಜಾರುತ್ತದೆ. ಕಡಿದ ಗೋಡೆಯ ಅಂಚಿಗೆ ಮೇಲಿನಿಂದ ಬೀಜವೂ ತರಗೆಲೆಯೂ ಬೀಳುತ್ತವೆ. ಹಾಗಾಗಿ ಮೂರನ್ನೂ ಬೇರ್ಪಡಿಸಿ, ಹೋಲಿಕೆಗೆಂದು ಪಕ್ಕದ ಸೊಪ್ಪಿನ ಬೆಟ್ಟವನ್ನೂ (ತೋಟಕ್ಕೆ ಸೊಪ್ಪು ತರುವ ಕಾಡನ್ನೂ) ಸೇರಿಸಿಕೊಂಡೆ. ನಕ್ಷೆಯ ಮೇಲೆ ಚೌಕಳಿ ಎಳೆದು, ಚೀಟಿ ಎತ್ತಿ ಬಂದ ಚೌಕಗಳಲ್ಲೇ ಗೂಟ ಹೊಡೆದೆವು. ಹೋಗಲು ಸುಲಭವಾದ ಕಡೆ ಹಗ್ಗ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಅದಕ್ಕೆ ಮಣಿದರೆ ಇಡೀ ಸಮೀಕ್ಷೆ ದಾರಿಬದಿಯ ಲೆಕ್ಕವಾಗುತ್ತದೆ.

ಮರಗಳಿಗೆ 10 ಮೀಟರ್ ಚೌಕ, ಅದರೊಳಗೆ ಪೊದೆ ಮತ್ತು ಸಸಿಗಳಿಗೆ 5 ಮೀಟರ್, ಹುಲ್ಲು ಮತ್ತು ಸಣ್ಣ ಗಿಡಗಳಿಗೆ 1 ಮೀಟರ್ ಚೌಕ. ಮರದ ಸುತ್ತಳತೆಯನ್ನು ನೆಲದಿಂದ 137 ಸೆಂ.ಮೀ. ಎತ್ತರದಲ್ಲಿ ತೆಗೆದೆವು. ನೆಟ್ಟದ್ದು, ತಾನಾಗಿ ಬಂದದ್ದು ಎಂದು ಪ್ರತಿ ಗಿಡದ ಮುಂದೆ ಗುರುತು ಹಾಕಿದೆವು. ಹುಲ್ಲಿನ ಜಾತಿ ಹೂ ಬಿಡದೆ ತಿಳಿಯುವುದು ಕಷ್ಟವಾದ್ದರಿಂದ ಸಣ್ಣ ಚೌಕಗಳನ್ನು ಮಳೆ ಹಿಂದೆ ಸರಿಯುವ ಹೊತ್ತಿಗೆ ನೋಡಿದೆವು.

ಅಕೇಶಿಯಾದ ಅಡಿಯಲ್ಲಿ ದರಕನ್ನು, ಅಂದರೆ ತರಗೆಲೆಯ ಹಾಸನ್ನು, ಕೈಯಿಂದ ಪದರ ಪದರವಾಗಿ ಎತ್ತಿ ನೋಡಿದಾಗ, ಮೇಲೆ ಹೊಸದಾಗಿ ಉದುರಿದ ಕುಡುಗೋಲಿನಾಕಾರದ ಎಲೆ, ಕೆಳಗೆ ಹಿಂದಿನ ವರ್ಷದ ಕೊಳೆಯದ ಎಲೆ, ಅದರ ಕೆಳಗೆ ಬರಿಯ ಕೆಂಪು ಜಲ್ಲಿ ಕಂಡಿತು. ಬದುಕಿದ್ದದ್ದು ಅಲ್ಲೊಂದು ಇಲ್ಲೊಂದು ಯುಪಟೋರಿಯಂ ಕಳೆಗಿಡ ಮಾತ್ರ. ಗೋಡೆಯ ಅಂಚಿನಲ್ಲಾದರೋ ಬಿರುಕಿನಲ್ಲಿ ಕೂತ ಬೊಗಸೆ ಮಣ್ಣಿನಲ್ಲಿ ಕುಸುಮಾಲೆ, ಕವಳಿ, ಕುಂಟನೇರಳೆಗಳ ಸಸಿಗಳಿದ್ದವು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುವ ಗಿಡಗಳಿವು. ಕೆಂಪು ಚಿಗುರಿನ ಸಸಿಯೊಂದು ನನಗೆ ಗುರುತು ಹತ್ತಲಿಲ್ಲ. ಜೊತೆಗಿದ್ದ ಹಾಲಕ್ಕಿ ಒಕ್ಕಲಿಗರ ಕೇರಿಯ ಹಿರಿಯರು ಎಲೆಯ ತುದಿ ಜಗಿದು, ಹುಳಿ ನೋಡಿ, ಮುರುಗಲು ಎಂದರು. ಊರಿನವರಿಲ್ಲದೆ ಇಂಥ ಕೆಲಸಕ್ಕೆ ಹೊರಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಬೋಳೆಂದು ಎಲ್ಲರೂ ಕೈಬಿಟ್ಟಿದ್ದ ತಳದಲ್ಲಿ ಹುಳ ಹಿಡಿಯುವ ಡ್ರೊಸೆರಾವೂ ಯುಟ್ರಿಕುಲೇರಿಯಾವೂ ಹೂವಾಗಿದ್ದವು. ನಮ್ಮ ಚಿರೆಕಲ್ಲು ಗುಡ್ಡಗಳ ನೆತ್ತಿಯ ಮೇಲೆ ಮಳೆಗಾಲದಲ್ಲಿ ಬರುವ ಸಸ್ಯಗಳೇ ಇವು. ಮರವಿಲ್ಲ ಎಂಬ ಒಂದೇ ಕಾರಣಕ್ಕೆ ಆ ತಳವನ್ನು ವಿಫಲವೆಂದು ಬರೆದು, ಹೊರಗಿನಿಂದ ಮಣ್ಣು ತಂದು ತುಂಬಿಸಿದರೆ ಅವು ಹೋಗುತ್ತವೆ.

ಲೆಕ್ಕ ಹಾಕುವಾಗ ಜಾತಿಗಳ ಒಟ್ಟು ಸಂಖ್ಯೆಗಿಂತ, ಪ್ರತಿ ಭಾಗವೂ ಸೊಪ್ಪಿನ ಬೆಟ್ಟವನ್ನು ಎಷ್ಟು ಹೋಲುತ್ತದೆ ಎಂಬುದಕ್ಕೆ, ಎರಡು ಜಾಗಗಳಲ್ಲಿ ಎಷ್ಟು ಜಾತಿಗಳು ಸಮಾನವಾಗಿವೆ ಎಂಬುದರಿಂದ ಹೋಲಿಕೆ ಅಳೆಯುವ ಸೊರೆನ್ಸೆನ್ ಸೂಚ್ಯಂಕದಿಂದ ಉತ್ತರ ಹುಡುಕಿದೆ. ಮೂರು ಭಾಗಗಳ ಸರಾಸರಿ ತೆಗೆಯದೆ ಬೇರೆಬೇರೆಯಾಗಿಯೇ ವರದಿಯಲ್ಲಿ ಕೊಟ್ಟು, ಅಂಚಿನ ಸಸಿಗಳಿಗೆ ಬೆಳಕು ಸಿಗುವಂತೆ ಮೊದಲು ಅಲ್ಲಿನ ಅಕೇಶಿಯಾವನ್ನು ಸಾಲುಬಿಟ್ಟು ಸಾಲು ತೆಗೆಯಬೇಕೆಂದೂ, ಗೂಟ ಹೊಡೆದ ಅದೇ ಚೌಕಗಳನ್ನು ಮುಂದಿನ ವರ್ಷಗಳಲ್ಲಿ ಅದೇ ಋತುವಿನಲ್ಲಿ ಮತ್ತೆ ಅಳೆಯಬೇಕೆಂದೂ ಬರೆದೆ.