ಯಾರಿಗೂ ಬೇಡದಿದ್ದ ಕಾಲದಲ್ಲಿ ನಾನು ಅಚ್ಚು ಹಾಕಿದ ಕ್ಯೂಆರ್ ಕೋಡ್

ಮೈಸೂರಿನ ಶಿವರಾಂಪೇಟೆ ಕಡೆ ನನ್ನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಒಂದು ಕಂಪ್ಯೂಟರ್, ಒಂದು ಸ್ಕ್ರೀನ್ ಪ್ರಿಂಟಿಂಗ್ ಟೇಬಲ್, ಹಿಂದುಗಡೆ ಕಟಿಂಗ್ ಮೆಷಿನ್. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್, ಬಿಲ್ ಬುಕ್ಕು, ಇವೇ ನಮ್ಮ ಅನ್ನ. ಈಗ ಬರುವ ಗಿರಾಕಿಗಳಲ್ಲಿ ಅರ್ಧ ಜನ ಕ್ಯೂಆರ್ ಸ್ಟ್ಯಾಂಡು ಕೇಳಿಕೊಂಡೇ ಬರುತ್ತಾರೆ. ಆದರೆ ನಾನು ಮೊದಲನೆಯದನ್ನು ಅಚ್ಚು ಹಾಕಿದ್ದು 2011ರಲ್ಲಿ. ಆಗ ಅದನ್ನು ಕೇಳಿದವನು ಒಬ್ಬನೇ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಮಂಡ್ಯ ಕಡೆಯ ಹುಡುಗ. ಮದುವೆ ಮಂಡ್ಯದ ಛತ್ರದಲ್ಲಿ. ಬೀಗರೂಟ ಮಾತ್ರ ನಾಗಮಂಗಲ ದಾಟಿ ಒಳಗೆ ಹೋಗಬೇಕಾದ ಹಳ್ಳಿಯಲ್ಲಿ, ಅವರ ತೋಟದಲ್ಲಿ. "ಅಣ್ಣ, ಆಫೀಸಿನವರಿಗೆ ದಾರಿ ಹೇಳಿ ಹೇಳಿ ಸಾಕಾಗಿದೆ. ಕಾರ್ಡಿನ ಹಿಂದೆ ಒಂದು ಕೋಡ್ ಹಾಕ್ಬಿಡಿ, ಫೋನು ಹಿಡಿದರೆ ಮ್ಯಾಪ್ ಬರಬೇಕು" ಅಂದ. ಪಕ್ಕದಲ್ಲಿ ಅವರಪ್ಪ ಕೂತಿದ್ದರು. ನಾನು ಸ್ಕ್ರೀನಿನ ಮೇಲೆ ಮಾದರಿ ತೋರಿಸಿದೆ. "ಏನಪ್ಪ ಇದು, ಸೋಪಿನ ಡಬ್ಬದ್ ಗುರುತು ತಂದು ಮದ್ವೆ ಕಾರ್ಡಿಗೆ ಹಾಕ್ತೀಯಲ್ಲಾ, ರೇಟು ನೋಡ್ಕೊಂಡು ಬರ್ಲಿ ಅಂತಲಾ?" ಅಂದರು. ಮಗ ನಕ್ಕ. ನನಗೆ ಆರ್ಡರ್ ಎಲ್ಲಿ ಕೈತಪ್ಪುತ್ತದೋ ಅನ್ನೋ ಭಯ.

ಹಿರಿಯರ ಮಾತು ತೀರ ತಪ್ಪೇನೂ ಆಗಿರಲಿಲ್ಲ. ಆ ರಾತ್ರಿ ಕೂತು ಓದಿದಾಗ ಗೊತ್ತಾಯಿತು. ಇದು ಹುಟ್ಟಿದ್ದೇ ಡಬ್ಬಗಳಿಗಾಗಿ. ಜಪಾನಿನ ಡೆನ್ಸೋ ಕಂಪನಿಯ ಮಸಾಹಿರೋ ಹರಾ ಎಂಬ ಎಂಜಿನಿಯರ್ ಮತ್ತು ಅವರ ತಂಡ 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು. ಹಳೇ ಗೆರೆ ಬಾರ್‌ಕೋಡಿನಲ್ಲಿ ಇಪ್ಪತ್ತು ಅಕ್ಷರ ತುಂಬಿಸುವುದೇ ಕಷ್ಟ. ಇದರಲ್ಲಿ ಬರೀ ಅಂಕಿಯಾದರೆ 7,089 ಹಿಡಿಯುತ್ತದೆ. ಹರಾ ಅವರಿಗೆ ದಾರಿ ಹೊಳೆದದ್ದು ಗೋ ಆಟದ ಮಣೆ ನೋಡಿ. ನಮ್ಮ ಆಡು-ಹುಲಿ ಆಟದ ಹಾಗೆ ಗೆರೆ ಕೂಡುವ ಜಾಗದಲ್ಲಿ ಕಾಯಿ ಇಡುವ ಆಟ, ಕಾಯಿ ಮಾತ್ರ ಕಪ್ಪು ಬಿಳುಪು. ಕಂಪನಿಯವರು ಪೇಟೆಂಟ್ ಇಟ್ಟುಕೊಂಡರೂ ಬಳಸುವವರ ಹತ್ತಿರ ದುಡ್ಡು ಕೇಳಲಿಲ್ಲ. ನನ್ನಂಥವನು ಶಿವರಾಂಪೇಟೆಯಲ್ಲಿ ಕೂತು ಯಾರನ್ನೂ ಕೇಳದೆ ಮಾಡಬಹುದಾಗಿದ್ದು ಅದರಿಂದಲೇ.

ಪ್ರಿಂಟಿಂಗ್‌ನವನಾಗಿ ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಕೋಡಿನ ಮೂರು ಮೂಲೆಯಲ್ಲಿ ಚೌಕದೊಳಗೆ ಚೌಕ ಇರುತ್ತದೆ, ನೋಡಿದ್ದೀರಲ್ವಾ? ಅದರ ನಡುವೆ ಎಲ್ಲಿ ಗೆರೆ ಎಳೆದರೂ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು 1:1:3:1:1ರ ಅಳತೆಯಲ್ಲಿ ಬರುತ್ತದೆ. ಈ ಅಳತೆ ಸುಮ್ನೆ ಇಟ್ಟಿದ್ದಲ್ಲ, ಬೇರೆ ಯಾವುದೋ ಅಚ್ಚನ್ನು ಯಂತ್ರ ಕೋಡು ಅಂದುಕೊಳ್ಳಬಾರದು ಅಂತ ಇಟ್ಟಿದ್ದು. ಹ್ಯಾಂಡ್‌ಬಿಲ್ಲು, ಪತ್ರಿಕೆ, ರಟ್ಟಿನ ಡಬ್ಬ ಎಲ್ಲ ಗುಡ್ಡೆ ಹಾಕಿಕೊಂಡು ಅಳೆದು, ಅಚ್ಚಾದ ಕಾಗದದ ಮೇಲೆ ಎಲ್ಲಕ್ಕಿಂತ ಕಡಿಮೆ ಕಾಣುವ ಅಳತೆ ಯಾವುದು ಅಂತ ಹುಡುಕಿ ತೆಗೆದಿದ್ದು. ನಮ್ಮ ಅಂಗಡಿ ಮೂಲೆಯ ರದ್ದಿ ಕೊಟ್ಟಿದ್ದರೂ ಅವರಿಗೆ ಉಪಯೋಗಕ್ಕೆ ಬರುತ್ತಿತ್ತು.

ಓದಿದ್ದು ಚೆನ್ನಾಗಿತ್ತು. ಕೆಲಸ ಮಾತ್ರ ಕೆಟ್ಟಿತು. ಮೊದಲು ದಾರಿಯನ್ನು ಕನ್ನಡದಲ್ಲೇ ಬರೆದು ಕೋಡಿನೊಳಗೆ ತುಂಬೋಣ ಅಂತ ಹೊರಟೆ. ನೆಟ್ಟೇ ಬೇಕಾಗಲ್ಲ ಅನ್ನೋ ಲೆಕ್ಕ. ಆಗ ನಮ್ಮ ಡಿಟಿಪಿ ಎಲ್ಲ ನುಡಿ ಫಾಂಟಿನಲ್ಲಿ. ಟೈಪ್ ಮಾಡಿ, ಕಾಪಿ ಮಾಡಿ ಹಾಕಿದೆ. ಹುಡುಗನ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆಲ್ಲ ಕೊಂಬು, ಬಾಲ! ಕಾರಣ ಇಷ್ಟೇ: ಆ ಫಾಂಟಿನಲ್ಲಿ ಕನ್ನಡ ಬರೀ ವೇಷ. ಒಳಗಿರುವುದು ಇಂಗ್ಲಿಷ್ ಅಕ್ಷರವೇ. ಕನ್ನಡ ಅಕ್ಷರಕ್ಕೇ ಸ್ವಂತ ಸಂಖ್ಯೆ ಇರುವ ಯೂನಿಕೋಡ್‌ಗೆ ಬದಲಾಯಿಸಿ ಮತ್ತೆ ಮಾಡಿದೆ. ಈ ಸಲ ಸಾಲು ಸಾಲು ಖಾಲಿ ಡಬ್ಬಿಗಳು. ಫೋನಿನಲ್ಲಿ ಕನ್ನಡವೇ ಇಲ್ಲ. ಕೊನೆಗೆ ಕನ್ನಡದ ಆಸೆ ಬಿಟ್ಟು ಮ್ಯಾಪಿನ ಲಿಂಕ್ ಹಾಕಿದೆ. ಅದು ರೈಲಿನ ಉದ್ದ. ಒಳಗೆ ಜಾಸ್ತಿ ತುಂಬಿದಷ್ಟೂ ಕೋಡಿನ ಕಪ್ಪು-ಬಿಳಿ ಮನೆಗಳು ಹೆಚ್ಚಾಗಿ ಸಣ್ಣದಾಗುತ್ತವೆ. ಅತಿ ಚಿಕ್ಕ ಕೋಡಿನಲ್ಲಿ ಒಂದು ಬದಿಗೆ 21 ಮನೆ, ಅತಿ ದೊಡ್ಡದರಲ್ಲಿ 177. ನಾನು ಕೊಟ್ಟ ಒಂದೂವರೆ ಸೆಂಟಿಮೀಟರ್ ಜಾಗದಲ್ಲಿ ಮನೆಗಳು ಸಾಸಿವೆಗಿಂತ ಸಣ್ಣ. ಸ್ಕ್ರೀನ್ ಪ್ರಿಂಟಿಂಗ್ ಇಂಕು ಸ್ವಲ್ಪ ಹರಡಿಯೇ ಹರಡುತ್ತದೆ. ಪಕ್ಕ ಪಕ್ಕದ ಚುಕ್ಕೆಗಳೆಲ್ಲ ಸೇರಿ ರಾಗಿಮುದ್ದೆ.

ಲಿಂಕನ್ನು ಚಿಕ್ಕದು ಮಾಡಿಕೊಡುವ ಒಂದು ಉಚಿತ ವೆಬ್‌ಸೈಟ್ ಹಿಡಿದೆ, ಕೋಡನ್ನು ಎರಡೂವರೆ ಸೆಂಟಿಮೀಟರಿಗೆ ಏರಿಸಿದೆ. ಅಷ್ಟರಲ್ಲಿ ಹುಡುಗನ ತಾಯಿ ಕಡೆಯಿಂದ ಬೇರೆ ಬೇಡಿಕೆ: ಕಾರ್ಡು ಮೆರೂನ್, ಕೋಡು ಗೋಲ್ಡ್ ಫಾಯಿಲ್. ನೋಡಲು ಮೈಸೂರು ಸಿಲ್ಕ್ ಸೆರಗಿನ ಹಾಗಿತ್ತು. ಫೋನು ಮಾತ್ರ ಮುಟ್ಟಲಿಲ್ಲ. ಗಾಢ ಬಣ್ಣದ ಮೇಲೆ ತಿಳಿ ಬಣ್ಣ ಬಂದು ಕಪ್ಪು-ಬಿಳುಪು ಉಲ್ಟಾ ಆಗಿತ್ತು. ಸಾಲದ್ದಕ್ಕೆ ಫಾಯಿಲ್ ಹೊಳೆಯುತ್ತದೆ, ಬೆಳಕು ಎಲ್ಲಿಂದ ಬಿದ್ದರೂ ಕ್ಯಾಮೆರಾಕ್ಕೆ ಬಿಳಿ ಮಚ್ಚೆ. ಬಿಳಿ ಚೀಟಿಯ ಮೇಲೆ ಕಪ್ಪು ಇಂಕಿನಲ್ಲಿ ಬೇರೆಯೇ ಅಚ್ಚು ಹಾಕಿ ಕಾರ್ಡಿನೊಳಗೆ ಇಡೋಣ ಅಂತ ಒಪ್ಪಿಸಿದೆ. ಅದನ್ನೂ ಕಟಿಂಗ್ ಹುಡುಗ "ಸುತ್ತ ಜಾಗ ವೇಸ್ಟ್ ಅಲ್ವಾ ಸಾರ್" ಅಂತ ಅಂಚಿಗೆ ಸರಿಯಾಗಿ ಕತ್ತರಿಸಿಟ್ಟ. ಆ ಖಾಲಿ ಜಾಗವೂ ಕೋಡಿನ ಭಾಗವೇ. ಸುತ್ತ ನಾಲ್ಕು ಮನೆಯಷ್ಟು ಬಿಳಿ ಬಿಡದಿದ್ದರೆ ಕೋಡು ಎಲ್ಲಿ ಶುರು ಅಂತ ಫೋನಿಗೆ ತಿಳಿಯಲ್ಲ. ಐನೂರು ಚೀಟಿ ಮತ್ತೆ ಹಾಕಿದೆ, ನನ್ನ ಖರ್ಚಿನಲ್ಲಿ.

ಮದುವೆ ಕಳೆದ ಮೇಲೆ ಎಷ್ಟು ಜನ ತೆರೆದರು ಅಂತ ಆ ವೆಬ್‌ಸೈಟಿನಲ್ಲಿ ನೋಡಿದೆ. ಹನ್ನೊಂದು. ಅದರಲ್ಲಿ ಏಳು ನಾನೇ.

ಆ ಹೊತ್ತಿಗೆ ಜಪಾನಿನಲ್ಲಿ ಇದು ಹಳೇ ಸುದ್ದಿ. ಅಲ್ಲಿ 2002ರಿಂದಲೇ ಫೋನಿನೊಳಗೆ ಕೋಡ್ ಓದುವ ಸೌಲಭ್ಯ ಕೂರಿಸಿಯೇ ಮಾರುತ್ತಿದ್ದರು. ಅಂಕಿ ಕೀಲಿಯಲ್ಲಿ ವೆಬ್ ವಿಳಾಸ ಒತ್ತುವ ಕಷ್ಟ ತಪ್ಪಿತು, ಜನ ಬಿಡಲಿಲ್ಲ. 2011ರಲ್ಲಿ ಕೊರಿಯಾದ ಸೋಲ್ ನಗರದ ಮೆಟ್ರೋ ನಿಲ್ದಾಣದಲ್ಲಿ ಹೋಮ್‌ಪ್ಲಸ್ ಅಂಗಡಿಯವರು ಗೋಡೆಗೆ ಹಾಲು, ತರಕಾರಿ ಚಿತ್ರ ಅಂಟಿಸಿ, ಕೋಡ್ ಸ್ಕ್ಯಾನ್ ಮಾಡಿದರೆ ಸಾಮಾನು ಮನೆಗೆ ಕಳಿಸುತ್ತಿದ್ದರು. ನಮ್ಮಲ್ಲಿ? ನೋಕಿಯಾದ ಕೆಲವು ಮಾಡೆಲ್‌ಗಳಲ್ಲಿ ಓದುವ ಸೌಲಭ್ಯ ಇತ್ತು, ಇಟ್ಟುಕೊಂಡವರಿಗೇ ಗೊತ್ತಿರಲಿಲ್ಲ. ಉಳಿದವರು ಆ್ಯಪ್ ಇಳಿಸಬೇಕು. 2ಜಿಯಲ್ಲಿ ಅದು ಇಳಿದು ಮುಗಿಯುವ ಹೊತ್ತಿಗೆ ನಾಗಮಂಗಲ ಬಸ್ಸೇ ಬಂದಿರುತ್ತಿತ್ತು. ಫೋನಿನ ಜೊತೆಗೇ ಬಂದದ್ದನ್ನು ಜನ ಬಳಸುತ್ತಾರೆ, ಇಳಿಸಿಕೋ ಅಂದರೆ ಬಿಡುತ್ತಾರೆ. ಜಪಾನಿಗೂ ನಮಗೂ ಇದ್ದ ದೊಡ್ಡ ವ್ಯತ್ಯಾಸ ಇದೇ ಅಂತ ನನಗೆ ಈಗಲೂ ಅನಿಸುತ್ತದೆ.

ಆದರೂ ನನ್ನ ಹುಚ್ಚು ಇಳಿಯಲಿಲ್ಲ. 2012ರ ಮೇ ತಿಂಗಳಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಮಾನ್‌ಮತ್ ಎಂಬ ಪುಟ್ಟ ಊರು ತನ್ನ ಕಟ್ಟಡಗಳಿಗೆಲ್ಲ ವಿಕಿಪೀಡಿಯದ ಕ್ಯೂಆರ್ ಹಲಗೆ ಹಾಕಿಕೊಂಡ ಸುದ್ದಿ ಓದಿದೆ. ಅವರು ಬಳಸಿದ್ದು ಕ್ಯೂಆರ್‌ಪೀಡಿಯ. ನಿಮ್ಮ ಫೋನು ಯಾವ ಭಾಷೆಯಲ್ಲಿದೆಯೋ ಆ ಭಾಷೆಯ ಪುಟ ತಾನೇ ತೆರೆಯುತ್ತದೆ. ನಮ್ಮ ಬಡಾವಣೆಯ ಶಾಲೆಯ ಮೇಷ್ಟ್ರು ಒಬ್ಬರಿಗೆ ಹೇಳಿದೆ. "ಮರಗಳಿಗೆ ಹಾಕೋಣ ಬನ್ನಿ" ಅಂದರು. ಹೊಂಗೆ, ಬೇವು, ನೇರಳೆ, ಹಲಸು, ಎಲ್ಲ ಸೇರಿ ಹನ್ನೆರಡು ಮರ.

ಮೊದಲ ಎಡವಟ್ಟು: ನಮ್ಮವರು ಫೋನನ್ನು ಇಂಗ್ಲಿಷಿನಲ್ಲೇ ಇಟ್ಟಿರುತ್ತಾರೆ. ಕನ್ನಡದಲ್ಲಿ ಪುಟ ಇದ್ದರೂ ತೆರೆಯುವುದು ಇಂಗ್ಲಿಷೇ. ಹಾಗಾಗಿ ನೇರವಾಗಿ ಕನ್ನಡ ಪುಟದ ವಿಳಾಸ ಹಾಕಲು ಹೋದೆ. ಹೊಂಗೆ ಅಂದರೆ ನಮಗೆ ಎರಡಕ್ಷರ. ಕಂಪ್ಯೂಟರಿಗೆ ಅದು ಐದು ಚಿಹ್ನೆ: ಹ, ಅದರ ಒಕಾರ, ಸೊನ್ನೆ, ಗ, ಅದರ ಎಕಾರ. ಒಂದೊಂದಕ್ಕೆ 3 ಬೈಟ್, ಒಂದೊಂದು ಬೈಟ್ ವಿಳಾಸದಲ್ಲಿ ಶೇಕಡಾ ಗುರುತಿನ ಸಮೇತ ಮೂರು ಅಕ್ಷರ. ಒಟ್ಟು 45. ಎರಡಕ್ಷರದ ಮರಕ್ಕೆ 45 ಅಕ್ಷರದ ಬಾಲ! ಮತ್ತೆ ಚಿಕ್ಕ ಲಿಂಕಿನ ಮೊರೆ ಹೋದೆ. ಕನ್ನಡ ತೋರಿಸದ ಫೋನುಗಳಿಗೆ ಒಪೆರಾ ಮಿನಿ ಬ್ರೌಸರ್ ಹಾಕಿ, ಅದರ ಸೆಟ್ಟಿಂಗಿನಲ್ಲಿ ಅಕ್ಷರವನ್ನು ಚಿತ್ರವಾಗಿ ತೋರಿಸುವ ಆಯ್ಕೆ ಒತ್ತಿ ಕೊಟ್ಟೆವು. ಹೊಂಗೆ ಮರದ ಕೆಳಗೆ ನಿಂತು ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೇಷ್ಟ್ರ ಫೋನಿನಲ್ಲಿ ಕನ್ನಡ ಪುಟ ಗಟ್ಟಿಯಾಗಿ ಓದಿದಳು. ನನ್ನ ಐನೂರು ಚೀಟಿಯ ನಷ್ಟ ಅವತ್ತು ವಸೂಲಾಯಿತು.

ಮಳೆಗಾಲದಲ್ಲಿ ಲ್ಯಾಮಿನೇಷನ್ ಒಳಗೆ ನೀರು ಹೊಕ್ಕಿತು. ಬೇಸಿಗೆಗೆ ಇಂಕ್‌ಜೆಟ್ ಕಪ್ಪು ತೊಳೆದ ಟೀ ಬಣ್ಣಕ್ಕೆ ತಿರುಗಿತು. ತಗಡಿನ ಮೇಲೆ ಸ್ಕ್ರೀನ್ ಪ್ರಿಂಟ್ ಹಾಕಿ ಸರಿಮಾಡಿದೆ. ಆ ತಗಡುಗಳು ಗಟ್ಟಿಯಾಗಿಯೇ ಇದ್ದವು, ಸತ್ತಿದ್ದು ಲಿಂಕು. ಎರಡು ವರ್ಷಕ್ಕೆ ಆ ಉಚಿತ ವೆಬ್‌ಸೈಟ್ ಬಾಗಿಲು ಹಾಕಿತು. ಹನ್ನೆರಡು ಮರ ಒಂದೇ ದಿನ ಮೂಕವಾದವು. ಪ್ರಪಂಚದ ಮಟ್ಟದಲ್ಲೂ ಹೀಗೆ ನಿಂತುಹೋದದ್ದಿದೆ. ಬಣ್ಣಬಣ್ಣದ ತ್ರಿಕೋನಗಳ ಮೈಕ್ರೋಸಾಫ್ಟ್ ಟ್ಯಾಗ್ ಎಂಬ ಇನ್ನೊಂದು ಬಗೆಯ ಕೋಡು 2009ರ ಜನವರಿಯಲ್ಲಿ ಬಂತು, 2015ರ ಆಗಸ್ಟಿನಲ್ಲಿ ನಿಂತಿತು. ಅದರೊಳಗೆ ಇರುತ್ತಿದ್ದದ್ದು ಒಂದು ಗುರುತು ಅಷ್ಟೇ, ಅರ್ಥ ಹೇಳಬೇಕಾದದ್ದು ಕಂಪನಿಯ ಸರ್ವರ್. ಕ್ಯೂಆರ್ ಹಾಗಲ್ಲ, ವಿಷಯ ಚೌಕದೊಳಗೇ ಇರುತ್ತದೆ. ನಾನೇ ನಡುವೆ ಬೇರೆಯವರ ಲಿಂಕು ತೂರಿಸಿ ಕೆಡಿಸಿಕೊಂಡಿದ್ದೆ. ಈಗ ಗಿರಾಕಿಗೆ ಮೊದಲೇ ಹೇಳುತ್ತೇನೆ: ಲಿಂಕು ನಿಮ್ಮ ಸ್ವಂತ ವಿಳಾಸದ್ದಾಗಿರಲಿ, ಇಲ್ಲ ಅಂದರೆ ಹಾಕಿಸಲೇಬೇಡಿ.

2016ರ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ಆಮೇಲಿನ ಕಥೆ ಎಲ್ಲರಿಗೂ ಗೊತ್ತು. ಯುಪಿಐ ಅದೇ ವರ್ಷ ಶುರುವಾಗಿತ್ತು. 2017ರ ಸೆಪ್ಟೆಂಬರಿನಲ್ಲಿ ಬಂದ ಐಒಎಸ್ 11ರಲ್ಲಿ ಐಫೋನಿನ ಕ್ಯಾಮೆರಾನೇ ಕೋಡ್ ಓದತೊಡಗಿತು. ಅದಕ್ಕೆ ಐದಾರು ವರ್ಷ ಮೊದಲು ನಾನು ಬೇಡಿಕೊಂಡರೂ ಯಾರೂ ನೋಡದ ಚೌಕವನ್ನು ಈಗ ಎಳನೀರಿನವರೂ ಮಚ್ಚಿನ ಪಕ್ಕ ಇಟ್ಟುಕೊಂಡಿದ್ದಾರೆ.

ಹಳೇ ಪೆಟ್ಟುಗಳು ಈಗ ಉಪಯೋಗಕ್ಕೆ ಬರುತ್ತಿವೆ. ಹೋದ ತಿಂಗಳು ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರು ಕೋಡಿನ ನಡುವೆ ಕಬ್ಬಿನ ಜಲ್ಲೆ ಚಿತ್ರ ಬೇಕು ಅಂದರು. ಹಾಕಬಹುದು. ಕೋಡಿನಲ್ಲಿ ತಪ್ಪು ತಿದ್ದಿಕೊಳ್ಳುವ ನಾಲ್ಕು ಮಟ್ಟ ಇವೆ. ಎಲ್ಲಕ್ಕಿಂತ ಮೇಲಿನದರಲ್ಲಿ ನೂರಕ್ಕೆ ಸುಮಾರು 30 ಭಾಗ ಹಾಳಾದರೂ ಫೋನು ಓದುತ್ತದೆ. ಹಾಗಂತ ಅಷ್ಟನ್ನೂ ನಾವೇ ತಿಂದರೆ ನಾಳೆ ಬೆಲ್ಲದ ಜಿಡ್ಡು ಮೆತ್ತಿದಾಗ ಏನು ಉಳಿಯುತ್ತದೆ? ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಮುಚ್ಚಿದೆ, ಪ್ರೂಫ್ ತೆಗೆದು ಮೂರು ಬೇರೆ ಬೇರೆ ಫೋನಿನಲ್ಲಿ ನೋಡಿದೆ, ಆಮೇಲೆ ಅಚ್ಚಿಗೆ ಬಿಟ್ಟೆ.

ಮೊನ್ನೆ ದೇವರಾಜ ಮಾರುಕಟ್ಟೆಗೆ ಹೂವಿಗೆ ಹೋಗಿದ್ದೆ. ನಾನೇ ಮಾಡಿಕೊಟ್ಟ ಅಕ್ರಿಲಿಕ್ ಹಲಗೆಯನ್ನು ಹೂವಿನ ಅಮ್ಮ ಬಾಳೆನಾರಿನಲ್ಲಿ ಕಟ್ಟಿ ತಲೆಕೆಳಗಾಗಿ ನೇತು ಹಾಕಿದ್ದರು. ಮೇಲೆಲ್ಲ ಹೂವಿಗೆ ಚಿಮುಕಿಸಿದ ನೀರಿನ ಹನಿ.

"ಅಮ್ಮ, ಉಲ್ಟಾ ಕಟ್ಟಿದ್ದೀರಲ್ಲ" ಅಂದೆ.

"ದುಡ್ಡೇನು ಉಲ್ಟಾ ಬರ್ತಾ ಇಲ್ವಲ್ಲಪ್ಪ" ಅಂದು ಮಲ್ಲಿಗೆ ಮೊಳ ಹಾಕಿದರು.

ಆ ಮೂರು ಮೂಲೆ ಚೌಕ ಇರುವುದೇ ಅದಕ್ಕೆ, ಹೇಗೆ ತಿರುಗಿಸಿದರೂ ಫೋನಿಗೆ ದಿಕ್ಕು ಗೊತ್ತಾಗಲಿ ಅಂತ. ಒಂದು ಮೊಳಕ್ಕೆ ಸ್ಕ್ಯಾನ್ ಮಾಡಿ ದುಡ್ಡು ಹಾಕಿದೆ. ಮೊದಲನೇ ಸಲಕ್ಕೇ ಹೋಯಿತು.