ಪೋಸ್ಟ್‌ಫಿಕ್ಸ್‌ನಲ್ಲಿ ರಿಲೇ ಅನುಮತಿ, ಮಾರ್ಗ ಮತ್ತು ಸಂಪರ್ಕ ಮಿತಿಗಳನ್ನು ಹೊಂದಿಸುವ ಕ್ರಮ

ಮೇಲ್ ಸರ್ವರ್ ತನ್ನಲ್ಲೇ ಖಾತೆಯಿರುವವರ ಪತ್ರವನ್ನು ಪಡೆದುಕೊಳ್ಳುವುದು ಬೇರೆ, ಇನ್ನೆಲ್ಲಿಗೋ ತಲುಪಿಸಲೆಂದು ಪಡೆದುಕೊಳ್ಳುವುದು ಬೇರೆ. ಎರಡನೆಯದಕ್ಕೆ ರಿಲೇ ಎಂದು ಹೆಸರು. ಯಾರು ಕೊಟ್ಟ ಪತ್ರವನ್ನಾದರೂ ಯಾರಿಗೆ ಬೇಕಾದರೂ ಸಾಗಿಸುವ ಸರ್ವರ್ ಓಪನ್ ರಿಲೇ ಎನಿಸಿಕೊಳ್ಳುತ್ತದೆ. ಸ್ಪ್ಯಾಮ್ ಕಳಿಸುವವರ ಕಣ್ಣಿಗೆ ಅದು ಬಿದ್ದ ಮೇಲೆ ಅದರ ಐಪಿ ವಿಳಾಸ ಕಪ್ಪುಪಟ್ಟಿಗೆ ಸೇರಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಮೇಲ್ ಸರ್ವರ್ ತಂತ್ರಾಂಶವಾದ ಪೋಸ್ಟ್‌ಫಿಕ್ಸ್ ತಾನಾಗಿ ಹೀಗೆ ತೆರೆದುಕೊಂಡಿರುವುದಿಲ್ಲ. ಸಾಮಾನ್ಯವಾಗಿ ಅದನ್ನು ತೆರೆಯುವುದು ಅವಸರದಲ್ಲಿ ನಾವೇ ಸೇರಿಸಿದ ಒಂದು ಸಾಲು.

ಇಲ್ಲಿ ಹೇಳುವ ಹೆಚ್ಚಿನ ಹೊಂದಿಕೆಗಳು ಮೇನ್.ಸಿಎಫ್ ಎಂಬ ಕಡತಕ್ಕೆ ಸೇರಿದವು. ಕಡತದಲ್ಲಿ ಅವುಗಳ ಹೆಸರುಗಳನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಇಟ್ಟು ಬರೆಯಬೇಕು. ಮೈನೆಟ್‌ವರ್ಕ್ಸ್, ಮೈಡೆಸ್ಟಿನೇಶನ್ ಮತ್ತು ರಿಲೇಹೋಸ್ಟ್ ಮಾತ್ರ ನಡುವೆ ಬಿಡುವಿಲ್ಲದ ಒಂದೊಂದೇ ಪದಗಳು. ಕೈ ಹಾಕುವ ಮೊದಲು ಕಡತದ ಪ್ರತಿಯೊಂದನ್ನು ತೆಗೆದಿಟ್ಟುಕೊಂಡು, ಪೋಸ್ಟ್‌ಕಾನ್ಫ್ ಆಜ್ಞೆಯನ್ನು ಎನ್ ಆಯ್ಕೆಯೊಂದಿಗೆ ಓಡಿಸಿ, ಈಗಾಗಲೇ ಕಡತದಲ್ಲಿ ಏನೇನು ಬರೆದಿದೆ ಎಂಬುದನ್ನು ಓದಿಕೊಳ್ಳಿ.

ಮೊದಲ ತೀರ್ಮಾನ ಮೈನೆಟ್‌ವರ್ಕ್ಸ್ ಕುರಿತದ್ದು. ಇದರಲ್ಲಿ ಹೆಸರಿಸಿದ ವಿಳಾಸಗಳಿಂದ ಬಂದವರನ್ನು ಸರ್ವರ್ ಪಾಸ್‌ವರ್ಡ್ ಕೇಳದೆ ನಂಬುತ್ತದೆ. ಹಳೆಯ ಆವೃತ್ತಿಗಳಲ್ಲಿ ಈ ಸಾಲನ್ನು ಬರೆಯದಿದ್ದರೆ ಸರ್ವರ್ ಇರುವ ಸಬ್‌ನೆಟ್ (ಜಾಲದ ಒಂದು ತುಂಡು) ಪೂರ್ತಿಯಾಗಿ ನಂಬಿಕೆಗೆ ಪಾತ್ರವಾಗುತ್ತಿತ್ತು. ಬಾಡಿಗೆಗೆ ಪಡೆದ ವರ್ಚುವಲ್ ಸರ್ವರ್‌ನಲ್ಲಾದರೆ ನಿಮಗೆ ಗುರುತೇ ಇಲ್ಲದ ನೆರೆಯ ಗ್ರಾಹಕರ ಯಂತ್ರಗಳನ್ನೂ ನಂಬಿದಂತೆ. ಆದ್ದರಿಂದ ಮೊದಲು 127.0.0.0/8 ಮತ್ತು [::1]/128 ಇವೆರಡನ್ನಷ್ಟೇ ಬರೆಯಿರಿ. ಕಚೇರಿಯ ಸ್ಕ್ಯಾನರ್ ಪಾಸ್‌ವರ್ಡ್ ಕೊಡಲಾರದಷ್ಟು ಹಳೆಯದಾಗಿದ್ದರೆ ಅದಕ್ಕೊಂದು ಸ್ಥಿರ ವಿಳಾಸ ಕೊಟ್ಟು, 192.168.10.40/32 ಎಂಬಂತೆ ಆ ಒಂದನ್ನೇ ಸೇರಿಸಿ. ಒಂದು ಸ್ಕ್ಯಾನರ್‌ಗಾಗಿ ಇಡೀ ಕಚೇರಿಯ ಜಾಲವನ್ನು ಸೇರಿಸಿದರೆ, ವೈರಸ್ ಹೊಕ್ಕ ಯಾವ ಲ್ಯಾಪ್‌ಟಾಪ್ ಆದರೂ ನಿಮ್ಮ ಹೆಸರಿನಲ್ಲಿ ಪತ್ರ ಕಳಿಸಬಲ್ಲದು.

ಕಂಟೇನರ್ (ತಂತ್ರಾಂಶವನ್ನು ಪ್ರತ್ಯೇಕವಾಗಿ ಓಡಿಸುವ ಆವರಣ) ಬಳಸುವವರು ಇಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ಕಂಟೇನರ್‌ಗಳನ್ನು ಓಡಿಸುವ ಡಾಕರ್‌ನ ಒಳಗೆ ಪೋಸ್ಟ್‌ಫಿಕ್ಸ್ ಓಡುವಾಗ, ಜಾಲದ ಹೊಂದಿಕೆ ಹೇಗಿದೆ ಎಂಬುದರ ಮೇಲೆ, ಹೊರಗಿನ ಎಲ್ಲ ಸಂಪರ್ಕಗಳೂ 172.17.0.1 ಎಂಬ ಒಂದೇ ವಿಳಾಸದಿಂದ ಬಂದಂತೆ ಅದಕ್ಕೆ ಕಾಣಬಹುದು. ಆ ವಿಳಾಸವೇನಾದರೂ ಮೈನೆಟ್‌ವರ್ಕ್ಸ್‌ನಲ್ಲಿದ್ದರೆ ಲೋಕವೆಲ್ಲ ನಂಬಿಕಸ್ತರಾದಂತಾಯಿತು. ಲಾಗ್ ಕಡತದಲ್ಲಿ ಹೊರಗಿನವರ ನಿಜವಾದ ವಿಳಾಸ ಕಾಣುತ್ತಿದೆಯೇ ಎಂದು ನೋಡದೆ ಮುಂದಿನ ಹೆಜ್ಜೆ ಇಡಬೇಡಿ. ಸರ್ವರ್‌ನ ಮುಂದೆ, ಸಂಪರ್ಕಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್ ಇದ್ದರೂ ಇದೇ ಮಾತು.

ಇನ್ನು ರಿಲೇಯ ನಿಯಮ. 2.10ನೇ ಆವೃತ್ತಿಯಿಂದ ಇದಕ್ಕೆಂದೇ ಎಸ್‌ಎಂಟಿಪಿಡಿ ರಿಲೇ ರಿಸ್ಟ್ರಿಕ್ಷನ್ಸ್ ಎಂಬ ಪ್ರತ್ಯೇಕ ಹೊಂದಿಕೆಯಿದೆ. ಅದರಲ್ಲಿ ಪರ್ಮಿಟ್ ಮೈನೆಟ್‌ವರ್ಕ್ಸ್ (ನಂಬಿದ ವಿಳಾಸಗಳಿಗೆ ಅನುಮತಿ), ಪರ್ಮಿಟ್ ಸ್ಯಾಸ್ಲ್ ಅಥೆಂಟಿಕೇಟೆಡ್ (ಲಾಗಿನ್ ಆದವರಿಗೆ ಅನುಮತಿ), ರಿಜೆಕ್ಟ್ ಅನ್‌ಆತ್ ಡೆಸ್ಟಿನೇಶನ್ (ಉಳಿದವರ ರಿಲೇಗೆ ನಿರಾಕರಣೆ) ಎಂಬ ಮೂರನ್ನು ಇದೇ ಅನುಕ್ರಮದಲ್ಲಿ ಇಡಿ. ಪಟ್ಟಿಯನ್ನು ಸರ್ವರ್ ಎಡದಿಂದ ಬಲಕ್ಕೆ ಓದುತ್ತದೆ. ಸರಿ ಅಥವಾ ಬೇಡ ಎಂಬ ಉತ್ತರ ಸಿಕ್ಕಲ್ಲಿಗೆ ಆ ಪಟ್ಟಿಯ ಓದು ಮುಗಿಯಿತು. ಮೂರನೆಯದರ ಬದಲು ಡಿಫರ್ ಅನ್‌ಆತ್ ಡೆಸ್ಟಿನೇಶನ್ ಇದ್ದರೆ ಎದುರಿನವರಿಗೆ 454 ಎಂಬ ತಾತ್ಕಾಲಿಕ ನಿರಾಕರಣೆ ಹೋಗಿ ಅವರು ಮತ್ತೆ ಮತ್ತೆ ಪ್ರಯತ್ನಿಸುತ್ತಾರೆ, ರಿಜೆಕ್ಟ್ ಆದರೆ 554 ಎಂದು ಅಲ್ಲಿಗೇ ಮುಗಿಯುತ್ತದೆ. ಈ ಹೊಂದಿಕೆ ಬರುವ ಮುನ್ನ ರಿಲೇಯ ನಿಯಮವೂ ಸ್ಪ್ಯಾಮ್ ತಡೆಯುವ ನಿಯಮಗಳೂ ಒಂದೇ ಪಟ್ಟಿಯಲ್ಲಿ ಬೆರೆತಿರುತ್ತಿದ್ದವು. ಪರಿಚಿತ ಕಳುಹಿಸುವವರೊಬ್ಬರಿಗೆ ಓಕೆ ಎಂದು ಬರೆದ ಸಾಲು ಮುಂಚೆ ಬಂದರೆ ಅದೇ ರಿಲೇಗೂ ಪರವಾನಗಿಯಾಗುತ್ತಿತ್ತು. ಕಳುಹಿಸುವವರ ವಿಳಾಸವನ್ನು ಯಾರು ಬೇಕಾದರೂ ಸುಳ್ಳು ಬರೆಯಬಹುದಾದ್ದರಿಂದ ಅದನ್ನು ನಂಬಿ ರಿಲೇ ಬಿಡುವುದು ನನ್ನ ದೃಷ್ಟಿಯಲ್ಲಿ ಯಾವ ಸಂದರ್ಭದಲ್ಲೂ ತಕ್ಕುದಲ್ಲ. ಮನೆಯಿಂದ ಅಥವಾ ಪ್ರಯಾಣದಲ್ಲಿ ಪತ್ರ ಕಳಿಸುವ ಸಿಬ್ಬಂದಿಗೆ 587 ಅಥವಾ 465ನೇ ಪೋರ್ಟ್‌ನಲ್ಲಿ, ಟಿಎಲ್‌ಎಸ್ (ಸಂಪರ್ಕದ ಗೂಢಲಿಪೀಕರಣ) ಕಡ್ಡಾಯ ಮಾಡಿ, ಲಾಗಿನ್ ಕೊಡಿ. 25ನೇ ಪೋರ್ಟ್ ಹೊರಗಿನ ಸರ್ವರ್‌ಗಳಿಗಷ್ಟೇ ಇರಲಿ.

ಮಾರ್ಗದ ವಿಷಯಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಮುಖ್ಯ ಕಚೇರಿಯ ಸರ್ವರ್ ಹುಬ್ಬಳ್ಳಿಯ ಶಾಖೆಯ ಡೊಮೇನ್‌ಗೆ ಬರುವ ಪತ್ರಗಳನ್ನು ಪಡೆದು, 10.20.0.5 ವಿಳಾಸದಲ್ಲಿರುವ ಶಾಖೆಯ ಸರ್ವರ್‌ಗೆ ಒಪ್ಪಿಸಬೇಕಾಗಿದೆ. ಶಾಖೆಯ ಡೊಮೇನ್ ಅನ್ನು, ಬೇರೆಡೆಗೆ ಸಾಗಿಸಬೇಕಾದ ಡೊಮೇನ್‌ಗಳ ಪಟ್ಟಿಯಾದ ರಿಲೇ ಡೊಮೇನ್ಸ್‌ನಲ್ಲಿ ಬರೆಯಿರಿ. ಅದನ್ನೇ, ಸರ್ವರ್‌ನ ಸ್ವಂತ ಡೊಮೇನ್‌ಗಳ ಪಟ್ಟಿಯಾದ ಮೈಡೆಸ್ಟಿನೇಶನ್‌ನಲ್ಲೂ ಬರೆದರೆ ಸರ್ವರ್ ಆ ಪತ್ರಗಳನ್ನು ತನ್ನವೆಂದೇ ತಿಳಿದುಕೊಳ್ಳುತ್ತದೆ. ಶಾಖೆಯಲ್ಲಿ ನಿಜವಾಗಿ ಇರುವ ವಿಳಾಸಗಳ ಪಟ್ಟಿಯನ್ನು ರಿಲೇ ರೆಸಿಪಿಯೆಂಟ್ ಮ್ಯಾಪ್ಸ್‌ಗೆ ಕೊಡುವುದು ಬೇಸರದ ಕೆಲಸವಾದರೂ ಬಿಡಬಾರದು. ಬಿಟ್ಟರೆ ಇಲ್ಲದ ವಿಳಾಸಗಳಿಗೆ ಬಂದ ಸ್ಪ್ಯಾಮ್ ಅನ್ನು ಮೊದಲು ಪಡೆದು, ಶಾಖೆ ಒಲ್ಲೆನೆಂದ ಮೇಲೆ, ಯಾವ ತಪ್ಪೂ ಮಾಡದ ಮೂರನೆಯವರಿಗೆ ಬೌನ್ಸ್ ಪತ್ರ (ತಲುಪಲಿಲ್ಲವೆಂಬ ಸೂಚನೆ) ಕಳಿಸುತ್ತೀರಿ.

ನಂತರ ಟ್ರಾನ್ಸ್‌ಪೋರ್ಟ್ ಎಂಬ ಕಡತದಲ್ಲಿ ಶಾಖೆಯ ಡೊಮೇನ್, ಒಂದು ಜಾಗ, ಆಮೇಲೆ ರಿಲೇ:[10.20.0.5]:25 ಎಂದು ಬರೆದು, ಪೋಸ್ಟ್‌ಮ್ಯಾಪ್ ಆಜ್ಞೆಯಿಂದ ಅದನ್ನು ಕೋಷ್ಟಕವಾಗಿಸಿ, ಟ್ರಾನ್ಸ್‌ಪೋರ್ಟ್ ಮ್ಯಾಪ್ಸ್‌ನಲ್ಲಿ ಹೆಸರಿಸಿ. ಚೌಕ ಕಂಸ ಅಲಂಕಾರಕ್ಕಲ್ಲ. ವಿಳಾಸದ ಬದಲು ಹೋಸ್ಟ್‌ನ ಹೆಸರು ಬರೆದಾಗ, ಅದರ ಎಂಎಕ್ಸ್ ದಾಖಲೆಯನ್ನು (ಡೊಮೇನ್‌ನ ಪತ್ರ ಪಡೆಯುವ ಸರ್ವರ್ ಯಾವುದೆಂದು ಹೇಳುವ ಡಿಎನ್‌ಎಸ್ ನಮೂದು) ಹುಡುಕದೆ ನೇರವಾಗಿ ಆ ಯಂತ್ರಕ್ಕೇ ಹೋಗು ಎಂದು ಹೇಳುವುದು ಆ ಕಂಸವೇ; ಅದಿಲ್ಲದಿದ್ದರೆ ಎಂಎಕ್ಸ್ ನಿಮ್ಮ ಸರ್ವರ್‌ನತ್ತಲೇ ಬೆರಳು ತೋರಿಸಿ ಪತ್ರ ಸುತ್ತಿ ಸುತ್ತಿ ಅಲ್ಲೇ ಬಂದು ನಿಲ್ಲಬಹುದು. ಎಡಬ್ಲ್ಯುಎಸ್, ಗೂಗಲ್ ಕ್ಲೌಡ್‌ಗಳಲ್ಲಿ ಹೊರಹೋಗುವ 25ನೇ ಪೋರ್ಟ್‌ಗೆ ಮೊದಲಿನಿಂದಲೇ ತಡೆ ಇರುವುದರಿಂದ, ಅಲ್ಲಿ ಉಳಿದ ಪತ್ರಗಳಿಗೆ ಪೂರೈಕೆದಾರರ ಸರ್ವರ್ ಅನ್ನು 587ನೇ ಪೋರ್ಟ್ ಸಹಿತ ರಿಲೇಹೋಸ್ಟ್‌ನಲ್ಲಿ ಬರೆಯಬೇಕಾಗುತ್ತದೆ. ಟ್ರಾನ್ಸ್‌ಪೋರ್ಟ್ ಕೋಷ್ಟಕದ ಮಾತು ರಿಲೇಹೋಸ್ಟ್‌ನ ಮಾತಿಗಿಂತ ಮೇಲು, ಹೀಗಾಗಿ ಎರಡೂ ಜೊತೆಗಿರಬಹುದು.

ಸಂಪರ್ಕ ಮಿತಿಗಳನ್ನು ಕೊನೆಗೆ ಮುಟ್ಟಿದರೆ ಸಾಕು. ಒಂದೇ ವಿಳಾಸದಿಂದ ಏಕಕಾಲಕ್ಕೆ 50 ಸಂಪರ್ಕಗಳಿಗೆ ಪೋಸ್ಟ್‌ಫಿಕ್ಸ್ ತಾನಾಗಿ ಎಡೆಕೊಡುತ್ತದೆ, ಪತ್ರ ಪಡೆಯುವ ಸೇವೆಯ ಒಟ್ಟು ಪ್ರಕ್ರಿಯೆಗಳ ಮಿತಿಯೋ 100. ಅಂದರೆ ಇಬ್ಬರು ಸೇರಿದರೆ ಬಾಗಿಲು ಪೂರ್ತಿ ಮುಚ್ಚಿಹೋದೀತು. ಸಣ್ಣ ಕಚೇರಿಗೆ ಎಸ್‌ಎಂಟಿಪಿಡಿ ಕ್ಲೈಂಟ್ ಕನೆಕ್ಷನ್ ಕೌಂಟ್ ಲಿಮಿಟ್ ಅನ್ನು 10ಕ್ಕೆ ಇಳಿಸಬಹುದು. ರೇಟ್ ಮಿತಿಗಳು ಮೊದಲಿಗೆ 0, ಎಂದರೆ ಮಿತಿಯೇ ಇಲ್ಲ. ಅವನ್ನು ಎಣಿಸುವ ಅವಧಿ 60 ಸೆಕೆಂಡು. ನಿಮಿಷಕ್ಕೆ 30 ಸಂಪರ್ಕಗಳಿಂದ ಆರಂಭಿಸಿ ವಾರವೊಂದು ಲಾಗ್ ನೋಡಿ. ಮೈನೆಟ್‌ವರ್ಕ್ಸ್‌ನಲ್ಲಿರುವವರಿಗೆ ಈ ಮಿತಿಗಳು ತಾವಾಗಿ ಅನ್ವಯಿಸುವುದಿಲ್ಲ ಎಂಬುದು ಆ ಪಟ್ಟಿಯನ್ನು ಚಿಕ್ಕದಾಗಿಡಲು ಇನ್ನೊಂದು ಕಾರಣ. ಹೊರಹೋಗುವ ದಿಕ್ಕಿನಲ್ಲಿ ಒಂದು ಗುರಿಗೆ ಏಕಕಾಲದ ಮಿತಿ 20. ಶಾಖೆಯ ಸರ್ವರ್ ದುರ್ಬಲವಾಗಿದ್ದರೆ ರಿಲೇ ಡೆಸ್ಟಿನೇಶನ್ ಕನ್‌ಕರೆನ್ಸಿ ಲಿಮಿಟ್ ಅನ್ನು 3 ಅಥವಾ 4ಕ್ಕೆ ಇಳಿಸಿ.

ಪೋಸ್ಟ್‌ಫಿಕ್ಸ್ ಚೆಕ್, ಬಳಿಕ ಪೋಸ್ಟ್‌ಫಿಕ್ಸ್ ರಿಲೋಡ್ ಎಂಬ ಆಜ್ಞೆಗಳನ್ನು ಕೊಟ್ಟು, ನಿಮ್ಮ ಜಾಲಕ್ಕೆ ಸೇರದ, 25ನೇ ಪೋರ್ಟ್‌ಗೆ ಹೊರಹೋಗಲು ತಡೆಯಿಲ್ಲದ ಯಂತ್ರವೊಂದರಿಂದ ಟೆಲ್‌ನೆಟ್ ಮೂಲಕ ಸರ್ವರ್ ಅನ್ನು ಮುಟ್ಟಿ. ಹೊರಗಿನ ವಿಳಾಸದಿಂದ ಹೊರಗಿನ ವಿಳಾಸಕ್ಕೆ ಒಮ್ಮೆ, ನಿಮ್ಮದೇ ಡೊಮೇನ್‌ನ ವಿಳಾಸವನ್ನು ಕಳುಹಿಸುವವರ ಜಾಗದಲ್ಲಿ ಬರೆದು ಇನ್ನೊಮ್ಮೆ ಪ್ರಯತ್ನಿಸಿ. ಪಡೆಯುವವರ ವಿಳಾಸ ಹೇಳುವ ಆರ್‌ಸಿಪಿಟಿ ಟು ಸಾಲಿಗೆ ಎರಡೂ ಬಾರಿ 554 5.7.1 ಉತ್ತರ ಬರಬೇಕು. ಒಪ್ಪಿಗೆಯ ಸಂಕೇತವಾದ 250 ಬಂದರೆ ಆ ಕ್ಷಣವೇ ಪೋಸ್ಟ್‌ಫಿಕ್ಸ್ ಅನ್ನು ನಿಲ್ಲಿಸಿ, ನಿಮ್ಮ ಯಂತ್ರ ಯಾವ ವಿಳಾಸದಿಂದ ಬಂದಂತೆ ಲಾಗ್‌ನಲ್ಲಿ ದಾಖಲಾಗಿದೆ ಎಂದು ನೋಡಿ, ಆ ವಿಳಾಸವನ್ನು ಮೈನೆಟ್‌ವರ್ಕ್ಸ್‌ನಲ್ಲಿ ಹುಡುಕಿ.