ಹ್ಯಾಮರ್‌ಫೆಸ್ಟ್‌ಗೆ ಬಂದವರಿಗೆ: ಮೊದಲ ಚಳಿಗಾಲದ ತಯಾರಿ

ನಮಸ್ಕಾರ, ಬನ್ನಿ. ಮೆಲ್ಕೊಯಾ ದ್ವೀಪದ ಗ್ಯಾಸ್ ಘಟಕದ ಕೆಲಸಕ್ಕೋ, ಆಸ್ಪತ್ರೆಯ ಕೆಲಸಕ್ಕೋ ನಾರ್ವೆಯ ಈ ಉತ್ತರದ ತುದಿಗೆ ಬಂದಿರುತ್ತೀರಿ. ಹೊರಡುವಾಗ ಊರಲ್ಲಿ ಎಲ್ಲರೂ "ಅಲ್ಲಿ ಮೈನಸ್ 40 ಅಂತೆ" ಎಂದು ಹೆದರಿಸಿರುತ್ತಾರೆ, ಅಲ್ವಾ? ಅದು ಒಳನಾಡಿನ ಕರಾಶೋಕ್ ಕಡೆಯ ಚಳಿ. ಇಲ್ಲಿ ಕಡಲಿನ ಬೆಚ್ಚನೆಯ ಪ್ರವಾಹದಿಂದ ಬಂದರು ಹೆಪ್ಪುಗಟ್ಟುವುದಿಲ್ಲ. ಜನವರಿಯಲ್ಲೂ ಸಾಮಾನ್ಯವಾಗಿ ಮೈನಸ್ 5ರ ಆಸುಪಾಸು. ಕಾಡುವುದು ಗಾಳಿ, ಆಮೇಲೆ ಕತ್ತಲೆ.

ಊರಿಂದ ತಂದ ದಪ್ಪ ಜಾಕೆಟ್ ಒಂದನ್ನೇ ನಂಬಬೇಡಿ. ಮೈಗೆ ಅಂಟುವ ಉಣ್ಣೆಯ ಒಳಉಡುಪು, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ನುಗ್ಗದ ಜಾಕೆಟ್. ಹತ್ತಿ ಬನಿಯನ್ ಬೇಡವೇ ಬೇಡ, ಬೆವರಿಗೆ ಒದ್ದೆಯಾಗಿ ಮೈ ಕೊರೆಯುತ್ತದೆ. ಶೂ ತಳಕ್ಕೆ ಹಾಕುವ ಮುಳ್ಳುಪಟ್ಟಿಗೆ ಇಲ್ಲಿ 'ಬ್ರೊಡ್ಡರ್' ಅನ್ನುತ್ತಾರೆ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಜೊತೆ ತೆಗೆದುಕೊಳ್ಳಿ. ಬೆಳಕು ಬಿದ್ದರೆ ಹೊಳೆಯುವ 'ರೆಫ್ಲೆಕ್ಸ್' ಪಟ್ಟಿ ಎಲ್ಲರ ಕೋಟಿಗೂ ಇರಲಿ.

ಶಿಶುವಿಹಾರ, ಇಲ್ಲಿನ ಮಾತಲ್ಲಿ 'ಬಾರ್ನೆಹಾಗೆ', 2023ರ ಆಗಸ್ಟ್‌ನಿಂದ ನಮ್ಮ ಈ ಫಿನ್‌ಮಾರ್ಕ್ ಜಿಲ್ಲೆಯಲ್ಲಿ ಉಚಿತ. ಊಟಕ್ಕೆ ಮಾತ್ರ ಬೇರೆ ದುಡ್ಡು ಕೇಳಬಹುದು. ಪ್ರತಿ ಬಟ್ಟೆಯ ಮೇಲೂ, ಕೈಗವಸಿನ ಮೇಲೂ ಮಗುವಿನ ಹೆಸರು ಬರೆಯಿರಿ. ಚಿಕ್ಕ ಮಕ್ಕಳನ್ನು ಹೊರಗೇ ತಳ್ಳುಗಾಡಿಯಲ್ಲಿ ಮಲಗಿಸುತ್ತಾರೆ. ಮೊದಲ ಸಲ ಹಿಮದಲ್ಲಿ ಗಾಡಿಗಳ ಸಾಲು ನೋಡಿ ನನ್ನ ಎದೆ ಧಸಕ್ಕೆಂದಿತ್ತು. ಬಗ್ಗಿ ಮಗಳನ್ನು ಮುಟ್ಟಿದೆ. ಕೆನ್ನೆ ತಣ್ಣಗಿತ್ತು, ಕುತ್ತಿಗೆಯ ಹಿಂಬದಿ ಬೆಚ್ಚಗಿತ್ತು. ಅಲ್ಲಿನ ಅಕ್ಕಂದಿರು ಮುಟ್ಟಿ ನೋಡುವುದೂ ಕುತ್ತಿಗೆಯನ್ನೇ.

ನವೆಂಬರ್ ಕೊನೆಯ ವಾರದಿಂದ ಸುಮಾರು ಎರಡು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ. ಪೂರ್ತಿ ಕಗ್ಗತ್ತಲೆ ಅಂದುಕೊಳ್ಳಬೇಡಿ. ಮಧ್ಯಾಹ್ನದ ಸುಮಾರಿಗೆ ಸ್ವಲ್ಪ ಹೊತ್ತು ನೀಲಿ ಬೆಳಕು ಇರುತ್ತದೆ. ಆಗ ಏನೇ ಕೆಲಸವಿದ್ದರೂ ಬಿಟ್ಟು ಒಂದು ಸುತ್ತು ಹೋಗಿ ಬನ್ನಿ. ಮನೆಯಲ್ಲೇ ಕೂತರೆ ನಿದ್ದೆ ಕೆಡುತ್ತದೆ, ಸುಮ್ನೆ ಸಿಟ್ಟು ಬರುತ್ತದೆ. ಹೊಸದಾಗಿ ಬಂದ ಅತ್ತೆ-ಮಾವ, ಅಪ್ಪ-ಅಮ್ಮಂದಿರಿಗಂತೂ ಇದು ಜಾಸ್ತಿ ಕಷ್ಟ. ಅವರನ್ನು ಒಬ್ಬರೇ ಬಿಡಬೇಡಿ, ಇಲ್ಲಿರುವ ನಮ್ಮವರಲ್ಲಿ ಯಾರಿಗಾದರೂ ಫೋನ್ ಮಾಡಿ. ವಿಟಮಿನ್ ಡಿಗೆ ಇಲ್ಲಿನವರು ದಿನಾ ಒಂದು ಚಮಚ 'ತ್ರಾನ್' ಕುಡಿಯುತ್ತಾರೆ. ಅದು ಮೀನೆಣ್ಣೆ. ಸಸ್ಯಾಹಾರಿಗಳು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ.

ಆಲ್ತಾ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಸೆನ್ನಾಲಾಂಡೆಟ್ ಬಯಲು ಸಿಗುತ್ತದೆ. ಗಾಳಿ ಎದ್ದರೆ ರಸ್ತೆ ಮುಚ್ಚುತ್ತಾರೆ, ಇಲ್ಲವೇ ಹಿಮ ತೆಗೆಯುವ ಲಾರಿಯ ಹಿಂದೆ ಸಾಲಾಗಿ ಬಿಡುತ್ತಾರೆ. ಹೊರಡುವ ಮುಂಚೆ ರಸ್ತೆ ಮಾಹಿತಿಯ 175ಕ್ಕೆ ಕರೆ ಮಾಡಿ ಕೇಳಿ. ಕಾರಿನಲ್ಲಿ ಕಂಬಳಿ, ಫ್ಲಾಸ್ಕ್‌ನಲ್ಲಿ ಬಿಸಿ ಕಾಫಿ ಇರಲಿ. ಮಂಜಿನಲ್ಲಿ ಜಾರದಂತೆ ಮೊಳೆ ಇರುವ ಟೈರು ಅಕ್ಟೋಬರ್ 16ರಿಂದ ಹಾಕಬಹುದು. ಆಂಬುಲೆನ್ಸ್‌ಗೆ 113, ರಾತ್ರಿ ಜ್ವರ ಬಂದರೆ ತುರ್ತು ವೈದ್ಯರ 116117.

ನಾರ್ವೆಯ ಗುರುತಿನ ಸಂಖ್ಯೆಗೆ ಮೊದಲ ವಾರವೇ ಅರ್ಜಿ ಹಾಕಿ. ಬ್ಯಾಂಕು, ಮನೆ ವೈದ್ಯರು ಎಲ್ಲಕ್ಕೂ ಅದೇ ಬೇಕು. ರಾಗಿ ಹಿಟ್ಟು, ತೊಗರಿಬೇಳೆಯನ್ನು ಓಸ್ಲೋಗೆ ಹೋಗಿ ಬರುವಾಗ ಅಲ್ಲಿನ ಗ್ರೋನ್‌ಲಾಂಡ್ ಬಡಾವಣೆಯ ಅಂಗಡಿಗಳಿಂದ ತನ್ನಿ.

ಜನವರಿ 21ರ ಹೊತ್ತಿಗೆ ಸೂರ್ಯ ವಾಪಸ್ ಬರುತ್ತಾನೆ. ಆಗ ಜಾಮ್ ತುಂಬಿದ 'ಸೂಲ್‌ಬೊಲ್ಲೆ' ಬನ್ನು ತಿನ್ನುವುದು ಈ ಕಡೆಯ ರೂಢಿ. ಬೆಳಿಗ್ಗೆಯೇ ಹೋಗಿ ಮಕ್ಕಳಿಗೆ ತಂದಿಡಿ, ಮಧ್ಯಾಹ್ನಕ್ಕೆಲ್ಲ ಖಾಲಿಯಾಗಿರುತ್ತದೆ.